ಕಾಣದವರ ಕಂಠ

ನಾಟಕ ಕಂಪನಿಗಳು ಊರೂರಿಗೆ ಬಂದು ತಗಡಿನ ಥಿಯೇಟರು ಎಬ್ಬಿಸುತ್ತಿದ್ದ ಕಾಲದಲ್ಲಿ ಪ್ರೇಕ್ಷಕರಲ್ಲಿ ಎರಡು ವರ್ಗಗಳಿದ್ದವು. ಟಿಕೇಟು ಕೊಂಡು ಒಳಗೆ ಕುಳಿತವರದು ಒಂದು. ಕೈಯಲ್ಲಿ ಕಾಸಿಲ್ಲದೆ ತಗಡಿಗೆ ಕಿವಿಗೊಟ್ಟು ಹೊರಗೆ ನಿಂತವರದು ಇನ್ನೊಂದು. ಒಳಗಿನವರು ನಾಟಕ ನೋಡಿದರು, ಹೊರಗಿನವರು ನಾಟಕ ಕೇಳಿದರು. ಹೊರಗೆ ನಿಂತವನಿಗೆ ಪರದೆಯ ಬಣ್ಣ ಕಾಣದು, ರಾಜನ ಕಿರೀಟ ಕಾಣದು, ನಾಯಕಿಯ ಕಣ್ಣೀರೂ ಕಾಣದು. ಆದರೂ ಖಳನು ರಂಗಕ್ಕೆ ಬಂದನೆಂಬುದು, ತಾಯಿಯ ಎದೆ ಒಡೆಯಿತೆಂಬುದು, ಹಾಸ್ಯಗಾರನು ಏನೋ ಕೀಟಲೆಗೆ ಅಣಿಯಾಗುತ್ತಿದ್ದಾನೆಂಬುದು ಅವನಿಗೆ ದನಿಯಿಂದಲೇ ತಿಳಿದುಬಿಡುತ್ತಿತ್ತು. ಭರತನು ವಾಚಿಕಾಭಿನಯವೆಂದು ಕರೆದ ವಿದ್ಯೆಯ ನಿಜವಾದ ಪರೀಕ್ಷಕನು ಈ ಬಡ ಶ್ರೋತೃವೇ. ಇಂದು ಮೈಕಿನ ಮುಂದೆ ನಿಂತು ತನ್ನ ಕಂಠವೊಂದರಿಂದಲೇ ಬದುಕು ಕಟ್ಟಿಕೊಳ್ಳಬಯಸುವ ತರುಣ ತರುಣಿಯರು ಒಲಿಸಿಕೊಳ್ಳಬೇಕಾದವನೂ ಅವನೇ. ತಗಡಿನ ಗೋಡೆ ಹೋಗಿ ಆ ಜಾಗಕ್ಕೆ ರೇಡಿಯೋ, ದೂರದರ್ಶನ, ಮೊಬೈಲು ಬಂದಿವೆ. ಕಿವಿ ಮಾತ್ರ ಅದೇ.

ದಾವಣಗೆರೆಗೆ ಈ ಮಾತು ಹೊಸದಲ್ಲ. ಚಿಂದೋಡಿ ವೀರಪ್ಪನವರ ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರು ಅದು. ಆ ಮನೆತನದ ಚಿಂದೋಡಿ ಲೀಲಾ ಅವರು ಬಾಲ್ಯದಿಂದಲೇ ರಂಗದ ಮೇಲೆ ನಿಂತು, ಮುಂದೆ ಕಂಪನಿಯನ್ನು ತಾವೇ ನಡೆಸಿ, 1988ರಲ್ಲಿ ಪದ್ಮಶ್ರೀ ಪಡೆದು, 2010ರಲ್ಲಿ ತೀರಿಕೊಂಡರು. ವೃತ್ತಿ ರಂಗಭೂಮಿಗೆಂದೇ ಮೀಸಲಾದ ರಂಗಾಯಣವೊಂದನ್ನು ಸರ್ಕಾರ ದಾವಣಗೆರೆಯಲ್ಲಿ ಸ್ಥಾಪಿಸಿದ್ದು ಇಂಥ ಹಿನ್ನೆಲೆಯಿಂದಲೇ.

ಕಂಪನಿಯಲ್ಲಿ ಕಲಿಕೆ ನಡೆಯುತ್ತಿದ್ದ ರೀತಿ ಗಮನಿಸತಕ್ಕದ್ದು. ಹುಡುಗನೊಬ್ಬ ಸೇರಿದನೆಂದರೆ ಅವನಿಗೆ ಯಾರೂ ಪಾಠದ ಪುಸ್ತಕ ಕೊಡುತ್ತಿರಲಿಲ್ಲ. ಪರದೆ ಎಳೆ, ಚಹಾ ತಾ, ಪ್ರಾರ್ಥನೆಯ ಹಾಡಿಗೆ ಹಿಂದಿನ ಸಾಲಿನಲ್ಲಿ ನಿಲ್ಲು. ನಿತ್ಯವೂ ಅದೇ ನಾಟಕ ಕೇಳಿ ಕೇಳಿ ಎಲ್ಲರ ಮಾತೂ ಅವನಿಗೆ ಬಾಯಿಪಾಠವಾಗುತ್ತಿತ್ತು. ಒಂದು ದಿನ ಯಾರಿಗೋ ಜ್ವರ ಬಂದಾಗ ಅವನ ಮುಖಕ್ಕೆ ಬಣ್ಣ ಬೀಳುತ್ತಿತ್ತು. ಅವನು ನಾಯಕನಾಗುವ ಕನಸು ಹೊತ್ತು ಬಂದಿರಬಹುದು. ಆದರೆ ಅವನ ದನಿ ಮುದುಕನ ಪಾತ್ರಕ್ಕೆ ಹೊಂದುತ್ತದೆ, ಇಲ್ಲವೆ ಸಾಹುಕಾರನ ಗುಮಾಸ್ತನಿಗೆ ಹೊಂದುತ್ತದೆ ಎಂಬುದನ್ನು ಕಂಡುಹಿಡಿಯುತ್ತಿದ್ದವರು ಕಂಪನಿಯ ಮಾಲೀಕರು, ಹಾರ್ಮೋನಿಯಂ ಮಾಸ್ತರರು, ಕಡೆಗೆ ಆ ಊರಿನ ಜನ. ತನ್ನ ವಿಶೇಷವು ಯಾವುದೆಂದು ನಟನಿಗೆ ತಿಳಿಯುವ ಮೊದಲು ಇತರರಿಗೆ ತಿಳಿಯುತ್ತಿತ್ತು. ಇಂದು ಒಂಟಿಯಾಗಿ ಕೋಣೆಯಲ್ಲಿ ಕುಳಿತು ಮೊಬೈಲಿನಲ್ಲಿ ಧ್ವನಿ ಮುದ್ರಿಸಿಕೊಳ್ಳುವವರಿಗೆ ಇಲ್ಲದಿರುವುದು ಇದೊಂದೇ: ಹೊರಗಿನ ಕಿವಿ.

ಚಲನಚಿತ್ರದವರು ಈ ಕಸುಬಿಗೆ ‘ಕಂಠದಾನ’ವೆಂಬ ಸೊಗಸಾದ ಹೆಸರಿಟ್ಟಿದ್ದಾರೆ. ಕೂಲಿ ಪಡೆದು ಮಾಡುವ ಕೆಲಸಕ್ಕೆ ದಾನವೆನ್ನುವುದು ವಿನೋದವೇ ಸರಿ. ಆದರೆ ಹೆಸರೆಲ್ಲ ಇನ್ನೊಬ್ಬರಿಗೆ ಹೋಗುವುದರಿಂದ ದಾನವೆಂದರೂ ತಪ್ಪಿಲ್ಲ. 1934ರಲ್ಲಿ ಬಂದ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನಾ’ದ ಕಾಲದಲ್ಲಿ ನಟಿಸುವವರೇ ಮಾತನಾಡಬೇಕಾಗಿತ್ತು, ಹಾಡಬೇಕಾಗಿತ್ತು. ಚಿತ್ರವನ್ನೂ ಧ್ವನಿಯನ್ನೂ ಬೇರೆ ಬೇರೆಯಾಗಿ ಹಿಡಿದು ಜೋಡಿಸುವ ವಿದ್ಯೆ ಬಂದ ಮೇಲೆ ಕನ್ನಡ ಬಾರದ ನಾಯಕಿಯರೂ ತೆರೆಯ ಮೇಲೆ ಅಚ್ಚಗನ್ನಡದಲ್ಲಿ ನಗತೊಡಗಿದರು. ಗುಬ್ಬಿ ವೀರಣ್ಣನವರ ಮೊಮ್ಮಗಳಾದ ಬಿ. ಜಯಶ್ರೀ ಅವರು ಮಾಧವಿ, ಅಂಬಿಕಾ, ಜಯಪ್ರದಾ, ಸುಮಲತಾ ಮುಂತಾದವರಿಗೆ ಕಂಠ ನೀಡಿದವರು. ರಂಗದ ಮೇಲೆ ಅವರ ದನಿ ಕೇಳಿದವರು, ಅಂಥ ಗಟ್ಟಿ ಕಂಠವು ಸುಕುಮಾರ ನಾಯಕಿಯೊಬ್ಬಳ ಪಿಸುಮಾತಾಗಿ ಇಳಿಯಬಲ್ಲುದೆಂದು ಊಹಿಸುವುದೂ ಕಷ್ಟ. ಕಂಪನಿ ನಾಟಕದ ಮನೆಯಲ್ಲಿ ಬೆಳೆದ ಕಿವಿಗೆ ಮಾತ್ರ ಸಾಧ್ಯವಾಗುವ ಇಳಿತ ಅದು.

ದಾವಣಗೆರೆಯ ಚಿಂದೋಡಿ ಮನೆತನಕ್ಕೂ ಇಂಥದೊಂದು ನಂಟು ಇದೆ. ಆ ಮನೆಯವರು ತಯಾರಿಸಿದ, ಚಿಂದೋಡಿ ಬಂಗಾರೇಶ್ ನಿರ್ದೇಶಿಸಿದ ‘ಗಾನಯೋಗಿ ಪಂಚಾಕ್ಷರಿ ಗವಾಯಿ’ ಚಿತ್ರಕ್ಕೆ 1995ರ ಸಾಲಿನ ಎರಡು ರಾಷ್ಟ್ರಪ್ರಶಸ್ತಿಗಳು ಸಂದವು: ಸಂಗೀತಕ್ಕಾಗಿ ಹಂಸಲೇಖರಿಗೆ, ಗಾಯನಕ್ಕಾಗಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೆ. ಬಾಲಸುಬ್ರಹ್ಮಣ್ಯಂ ಹಾಡುಗಾರರೆಂದು ಎಲ್ಲರೂ ಬಲ್ಲರು. ತಮಿಳಿನ ಕಮಲಹಾಸನ್ ತೆಲುಗಿನಲ್ಲಿ ಮಾತನಾಡುವಾಗ ಆ ಮಾತು ಬಹಳ ಸಲ ಅವರದೇ ಆಗಿತ್ತೆಂಬುದನ್ನು ಬಲ್ಲವರು ಕಡಿಮೆ. ಯಾವ ನಟನಿಗೆ ಹಾಡುತ್ತಿದ್ದರೋ ಆ ನಟನ ಗಂಟಲಿನ ಜಾಡು ಹಿಡಿದು ಹಾಡುವುದು ಅವರ ಅಭ್ಯಾಸ. ಆ ಅಭ್ಯಾಸವೇ ಮಾತಿಗೂ ಬಂತು.

ಹರಿಹರದ ಗುಡಿಯಲ್ಲಿ ಬಲಗಡೆ ಹರ, ಎಡಗಡೆ ಹರಿ, ಒಂದೇ ವಿಗ್ರಹ. 1224ರ ಸುಮಾರಿಗೆ ಹೊಯ್ಸಳರ ದಂಡನಾಯಕ ಪೊಲಾಳ್ವನು ಕಟ್ಟಿಸಿದ ಆ ಗುಡಿಗೆ ಹೋದವರು ಎರಡು ಭಾಗಗಳು ಕೂಡುವ ಗೆರೆಯನ್ನು ಹುಡುಕಿ ನೋಡುವುದುಂಟು. ಒಬ್ಬರ ದೇಹಕ್ಕೆ ಇನ್ನೊಬ್ಬರ ಕಂಠ ಕೂಡುವಲ್ಲಿಯೂ ಒಂದು ಗೆರೆ ಇರುತ್ತದೆ. ಅದು ಕಾಣದಂತೆ ಮಾಡುವುದೇ ಈ ಕಸುಬಿನ ಮೊದಲ ಪಾಠ. ಅದು ತುಟಿಯಿಂದ ಆರಂಭವಾಗುತ್ತದೆ. ತೆಲುಗಿನಲ್ಲಿ ‘ರಾ’ ಎಂದು ಕರೆಯುವಾಗ ತುಟಿಗಳು ಸೇರುವುದಿಲ್ಲ. ಕನ್ನಡದ ‘ಬಾ’ ಎಂಬುದಕ್ಕೆ ತುಟಿ ಮುಚ್ಚಿ ತೆರೆಯಬೇಕು. ಹಿಂದಿಯ ‘ಮೈ’ ಎಂಬಲ್ಲಿ ಮುಚ್ಚಿದ ತುಟಿಗೆ ಕನ್ನಡದ ‘ನಾನು’ ಒಗ್ಗದು. ಪ, ಬ, ಮ ಎಂಬ ಅಕ್ಷರಗಳು ಮಾತ್ರ ನೋಡುಗರ ಕಣ್ಣಿಗೆ ಬೀಳುತ್ತವೆ. ಉಳಿದವುಗಳಲ್ಲಿ ಕೊಂಚ ಹೆಚ್ಚುಕಡಿಮೆಯಾದರೂ ಕಣ್ಣು ಕ್ಷಮಿಸುತ್ತದೆ. ಸಂಭಾಷಣೆ ಬರೆಯುವವರು ಇದನ್ನು ಮೊದಲೇ ಯೋಚಿಸಿರುತ್ತಾರೆ. ಅವರು ಮರೆತಲ್ಲಿ ಕಂಠ ಕೊಡುವವರು ಹೊಂದಿಸಿಕೊಳ್ಳಬೇಕು. ‘ಬಾ’ ಎನ್ನುವ ಬದಲು ‘ಇತ್ತ’ ಎಂದರೆ ಕೆಲಸವಾಗುತ್ತದೆಯೇ? ಆಗುತ್ತದೆ, ಆದರೆ ಮನೆಯಲ್ಲಿ ಯಾರೂ ಹಾಗೆ ಕರೆಯುವುದಿಲ್ಲ. ತುಟಿ ಸರಿಹೋಗಿ ಮಾತು ಕೆಡುವ, ಮಾತು ಸರಿಹೋಗಿ ತುಟಿ ಕೆಡುವ ಈ ಜಗ್ಗಾಟದಲ್ಲೇ ಕನ್ನಡಕ್ಕೆ ಬಂದ ಎಷ್ಟೋ ಪರಭಾಷಾ ಚಿತ್ರಗಳ ಸಂಭಾಷಣೆ ಯಾರ ಮನೆಯ ಮಾತೂ ಆಗದೆ ಉಳಿದಿದೆ.

ಎರಡನೆಯ ಪಾಠವು ಕಂಪನಿ ನಾಟಕದ ನಟನಿಗೆ ಬಹು ಕಷ್ಟದ್ದು. ಕೊನೆಯ ಸಾಲಿನ ನೆಲದ ಮೇಲೆ ಕುಳಿತವನಿಗೂ ಮುಟ್ಟಬೇಕಾದ ದನಿ ಹೊಟ್ಟೆಯಿಂದ ಹೊರಟು ಎದೆಯಲ್ಲಿ ತುಂಬಿ ಬರುತ್ತಿತ್ತು. ರಂಗದ ಮೇಲೆ ಮೈಕುಗಳು ತೂಗುಬಿದ್ದಾಗ, ದುಃಖದ ದೃಶ್ಯದಲ್ಲಿಯೂ ನಟರು ಒಬ್ಬೊಬ್ಬರಾಗಿ ಮೈಕಿನಡಿಗೆ ಬಂದು ಅತ್ತು ಹೋಗುತ್ತಿದ್ದ ಸೋಜಿಗವನ್ನು ಹಳಬರು ಇನ್ನೂ ಹೇಳಿ ನಗುತ್ತಾರೆ. ಸ್ಟುಡಿಯೋದ ಮೈಕು ಬೇರೆಯೇ ಜಾತಿಯದು. ಒಂದು ಗೇಣು ದೂರದಲ್ಲಿ ನಿಂತವನ ಉಸಿರನ್ನು, ಒಣಗಿದ ನಾಲಗೆಯ ಸದ್ದನ್ನು, ಕಾಗದದ ಮಡಿಕೆಯನ್ನು, ಅಂಗಿಯ ಗಂಜಿಯನ್ನು ಸಹ ಅದು ಕೇಳಿಸಿಕೊಳ್ಳುತ್ತದೆ. ಅಲ್ಲಿ ಕೂಗಿದರೆ ಕೋಪ ಬರುವುದಿಲ್ಲ, ಬರಿಯ ಗದ್ದಲ ಬರುತ್ತದೆ. ನೂರು ಜನರಿಗೆ ಹೇಳುತ್ತಿದ್ದುದನ್ನು ಒಬ್ಬನ ಕಿವಿಗೆ ಹೇಳಲು ಕಲಿಯಬೇಕು. ಹಾಗೆಂದು ದೇಹವನ್ನು ಮರೆಯುವಂತಿಲ್ಲ. ಕಲಾವಿದರು ನಿಂತೇ ಕಂಠ ಕೊಡುತ್ತಾರೆ. ಕೈ ಆಡುತ್ತದೆ, ಹುಬ್ಬು ಗಂಟಿಕ್ಕುತ್ತದೆ, ನಗುವ ಮಾತಿಗೆ ನಿಜವಾಗಿಯೇ ತುಟಿ ಅರಳುತ್ತದೆ. ನಗುಮುಖದ ಮಾತಿಗೂ ಗಂಟುಮುಖದ ಮಾತಿಗೂ ಇರುವ ವ್ಯತ್ಯಾಸವನ್ನು ಕುರುಡನೂ ಹೇಳಬಲ್ಲನು.

ಈ ಪಾಠಗಳನ್ನು ಕಲಿಯುವುದೆಲ್ಲಿ? ಹೆಗ್ಗೋಡಿನ ನೀನಾಸಂ 1980ರಿಂದ ರಂಗಶಿಕ್ಷಣ ನೀಡುತ್ತಿದೆ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿ ದಾವಣಗೆರೆಗೆ ದೂರವೇನಲ್ಲ, ಅಲ್ಲಿಯೂ ರಂಗಶಾಲೆಯಿದೆ. ಒಂದು ವರುಷ ಮನೆ ಬಿಟ್ಟು ಇರಬಲ್ಲವರಿಗೆ ಇವು ಒಳ್ಳೆಯ ದಾರಿ. ಇರಲಾಗದವರು ಹೆಚ್ಚು ಮಂದಿ. ಅವರಿಗೆ ಹಿರಿಯರು ಬಿಟ್ಟುಹೋದ ಇನ್ನೊಂದು ಶಾಲೆ ಗಮಕ. ಬಣ್ಣವಿಲ್ಲ, ವೇಷವಿಲ್ಲ, ಜಮಖಾನದ ಮೇಲೆ ಕುಳಿತ ಗಮಕಿಯೊಬ್ಬನೇ ದುರ್ಯೋಧನನಾಗಿ ಗುಡುಗಿ, ಮರುಪದ್ಯದಲ್ಲಿ ದ್ರೌಪದಿಯಾಗಿ ಮೊರೆಯಿಡುತ್ತಾನೆ. ಪಕ್ಕದ ಶಿವಮೊಗ್ಗ ಜಿಲ್ಲೆಯ ಹೊಸಹಳ್ಳಿ ಗಮಕಕ್ಕೆ ಹೆಸರಾದ ಊರು, ಅಲ್ಲಿಯ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದಿತು. ಹಳಗನ್ನಡ ನಡುಗನ್ನಡಗಳ ಪದ್ಯವನ್ನು ಅರ್ಥ ಕೆಡದಂತೆ ಒಡೆದು ಓದಲು ಬಲ್ಲವನಿಗೆ ಸೋಪಿನ ಜಾಹೀರಾತು ಎಷ್ಟರದು!

ಮನೆಯಲ್ಲಿಯೇ ಮಾಡಬಹುದಾದ ಸಾಧನೆ ಕಡಿಮೆಯೇನಿಲ್ಲ. ಬೆಳಗಿನ ಪತ್ರಿಕೆಯ ಸಂಪಾದಕೀಯವನ್ನು ಮನೆಯ ಅಜ್ಜಿಗೆ ಕೇಳುವಂತೆ, ಬೇಸರವಾಗದಂತೆ ಓದಿ ಮುಗಿಸುವುದು ಒಂದು. ಅಕಾರ ಹಕಾರಗಳನ್ನು ಅದಲುಬದಲು ಮಾಡದೆ, ‘ಹಾಲು’ ‘ಆಲು’ ಆಗದಂತೆ, ‘ಹಳ್ಳಿ’ ‘ಹಲ್ಲಿ’ ಆಗದಂತೆ, ಶಕಾರ ಷಕಾರ ಸಕಾರಗಳನ್ನು ಒಂದೇ ಮೂಟೆಗೆ ಕಟ್ಟದಂತೆ ನಾಲಗೆಯನ್ನು ಪಳಗಿಸುವುದು ಇನ್ನೊಂದು. ಮಕ್ಕಳಿಗೆ ಮಾತು ಬೇಗ ಬರಲೆಂದು ಬಜೆ ತೇಯ್ದು ನೆಕ್ಕಿಸುವ ಅಜ್ಜಿಯಂದಿರು ಇಪ್ಪತ್ತು ದಾಟಿದವರಿಗೆ ಔಷಧಿ ಹೇಳಿಲ್ಲ. ಗಂಟಲಿಗೆ ಬೆಚ್ಚನೆಯ ನೀರು, ಸಾಕಷ್ಟು ನಿದ್ದೆ, ಬೇಡದ ಕಡೆ ಕಿರುಚದಿರುವುದು, ಇಷ್ಟೇ ಪಥ್ಯ. ದಾವಣಗೆರೆಯವರಿಗೆ ಮಾತ್ರ ಒಂದು ಹೆಚ್ಚಿನ ಪಥ್ಯವುಂಟು. ಬೆಣ್ಣೆದೋಸೆ ತಿಂದ ಕೈ ತೊಳೆದು ನೇರವಾಗಿ ಮೈಕಿನ ಮುಂದೆ ನಿಲ್ಲತಕ್ಕದ್ದಲ್ಲ, ಗಂಟಲಿಗೆ ಜಿಡ್ಡು ಕಟ್ಟುತ್ತದೆ. ಮಂಡಕ್ಕಿ ಮೆಣಸಿನಕಾಯಿಯ ವಿಚಾರವನ್ನಂತೂ ಎತ್ತುವುದೇ ಬೇಡ.

ತನ್ನ ದನಿಯನ್ನು ಮೊದಲ ಬಾರಿ ಮುದ್ರಿಸಿ ಕೇಳಿದವರೆಲ್ಲ ಬೆಚ್ಚುತ್ತಾರೆ. ‘ಇದು ನನ್ನದಲ್ಲ’ ಎಂಬುದು ಎಲ್ಲರ ಉದ್ಗಾರ. ಕಾರಣವಿದೆ. ಮಾತನಾಡುವವನಿಗೆ ತನ್ನ ದನಿಯು ಗಾಳಿಯ ಮೂಲಕ ಮಾತ್ರವಲ್ಲ, ತಲೆಯ ಮೂಳೆಗಳ ಮೂಲಕವೂ ಕೇಳುತ್ತದೆ. ಅದರಿಂದ ಅದಕ್ಕೆ ಇಲ್ಲದ ಗಾಂಭೀರ್ಯವೊಂದು ಸೇರಿರುತ್ತದೆ. ಮುದ್ರಿಕೆಯಲ್ಲಿ ಆ ಆಭರಣ ಕಳಚಿ ತೆಳ್ಳಗಾಗಿ ಕೇಳುತ್ತದೆ. ಲೋಕವೆಲ್ಲ ಕೇಳುತ್ತಿದ್ದುದು ಆ ತೆಳ್ಳನೆಯ ದನಿಯನ್ನೇ. ಅದರೊಡನೆ ರಾಜಿಯಾಗಲು ಕೆಲವರಿಗೆ ವಾರ ಸಾಕು, ಕೆಲವರಿಗೆ ವರುಷ ಬೇಕು. ರಾಜಿಯಾಗದವರು ಅನುಕರಣೆಗೆ ಇಳಿಯುತ್ತಾರೆ. ರಾಜಕುಮಾರರ ಹಾಗೆ, ವಜ್ರಮುನಿಯವರ ಹಾಗೆ, ಯಾವುದೋ ರೇಡಿಯೋ ನಿರೂಪಕರ ಹಾಗೆ. ಕಾಲೇಜಿನ ವಾರ್ಷಿಕೋತ್ಸವದಲ್ಲಿ ಇದಕ್ಕೆ ಚಪ್ಪಾಳೆಯುಂಟು. ಅನುಕರಣೆ ಒಳ್ಳೆಯ ವ್ಯಾಯಾಮವೂ ಹೌದು; ಕಂಠದ ಮೂಲೆಮೂಲೆಗಳ ಪರಿಚಯ ಅದರಿಂದ ಆಗುತ್ತದೆ. ಆದರೆ ಎಲ್ಲರೂ ಬಲ್ಲ ಒಬ್ಬರ ದನಿಯನ್ನು ತೋರಿಸುವುದು ಒಂದು, ಇದುವರೆಗೆ ಯಾರೂ ಕೇಳದ ಒಬ್ಬ ವ್ಯಕ್ತಿಗೆ ದನಿ ಹುಟ್ಟಿಸುವುದು ಮತ್ತೊಂದು. ಸ್ಟುಡಿಯೋಗೆ ಬೇಕಾದದ್ದು ಎರಡನೆಯದು.

ಇನ್ನು ವಿಶೇಷತೆಯ ಮಾತು. ಅಮೆರಿಕದ ಮೆಲ್ ಬ್ಲಾಂಕ್ ಎಂಬಾತನು ಬಗ್ಸ್ ಬನ್ನಿ ಮೊದಲಾದ ವ್ಯಂಗ್ಯಚಿತ್ರಗಳ ಪ್ರಾಣಿಗಳಿಗೆಲ್ಲ ಕಂಠ ಕೊಟ್ಟು ‘ಸಾವಿರ ದನಿಯ ಮನುಷ್ಯ’ನೆನಿಸಿದವನು. 1961ರಲ್ಲಿ ಕಾರು ಅಪಘಾತವಾಗಿ ಆತನು ದಿನಗಟ್ಟಲೆ ಪ್ರಜ್ಞೆಯಿಲ್ಲದೆ ಮಲಗಿದ್ದ. ಹೆಸರು ಹಿಡಿದು ಕರೆದರೆ ಉತ್ತರವಿಲ್ಲ. ಕಡೆಗೆ ವೈದ್ಯರೊಬ್ಬರು ಮೊಲದ ಹೆಸರು ಹಿಡಿದು ಕ್ಷೇಮ ವಿಚಾರಿಸಿದರಂತೆ. ಹಾಸಿಗೆಯಿಂದ ಮೊಲದ ದನಿಯಲ್ಲಿ ಉತ್ತರ ಬಂತೆಂದು ಕಥೆ. ಸಾವಿರ ದನಿಯವನಿಗೂ ಎಲ್ಲಕ್ಕಿಂತ ಆಳದಲ್ಲಿ ಇದ್ದದ್ದು ಒಂದೇ.

ಕನ್ನಡದ ಉದಾಹರಣೆಗಳು ಇನ್ನೂ ಹತ್ತಿರದವು. ತೆಲುಗಿನಲ್ಲಿ ಕಂಠದಾನವನ್ನೇ ಕಸುಬಾಗಿಸಿಕೊಂಡಿದ್ದ ಪಿ.ಜೆ. ಶರ್ಮಾ ಅವರ ಮಕ್ಕಳು ಸಾಯಿಕುಮಾರ್ ಮತ್ತು ರವಿಶಂಕರ್. ಇತರ ನಾಯಕರಿಗೆ ಕಂಠ ಕೊಡುತ್ತಿದ್ದ ಸಾಯಿಕುಮಾರ್ 1996ರ ‘ಪೊಲೀಸ್ ಸ್ಟೋರಿ’ಯಲ್ಲಿ ತಾವೇ ಮುಖ ತೋರಿಸಿದಾಗ ಕನ್ನಡಿಗರು ಮೊದಲು ಮೆಚ್ಚಿದ್ದು ಮುಖವನ್ನಲ್ಲ. ತಮ್ಮನಾದರೋ ‘ಅರುಂಧತಿ’ ಚಿತ್ರದಲ್ಲಿ ಖಳನಿಗೆ ಕೊಟ್ಟ ಕಂಠದಿಂದಲೇ ‘ಬೊಮ್ಮಾಳಿ’ ರವಿಶಂಕರ್ ಎನಿಸಿಕೊಂಡರು. ಇವರಿಬ್ಬರ ವಿಶೇಷವು ಗುಡುಗು. ಅದಕ್ಕೆ ತೀರ ವಿರುದ್ಧವಾದದ್ದು ಅಪರ್ಣಾ ಅವರದು. 2011ರಲ್ಲಿ ಆರಂಭವಾದ ಬೆಂಗಳೂರಿನ ಮೆಟ್ರೋ ರೈಲಿನಲ್ಲಿ ಮುಂದಿನ ನಿಲ್ದಾಣದ ಹೆಸರನ್ನು ಕನ್ನಡದಲ್ಲಿ ಹೇಳುತ್ತಿದ್ದ ಆ ದನಿಯಲ್ಲಿ ಏರಿಲ್ಲ, ಅಬ್ಬರವಿಲ್ಲ. ತೊಳೆದಿಟ್ಟ ಹಿತ್ತಾಳೆಯ ಹಾಗೆ ಪ್ರತಿಯೊಂದು ಅಕ್ಷರವೂ ಸ್ವಚ್ಛ. ಅದೇ ಸ್ವಚ್ಛತೆಯನ್ನು ಅವರು ದೂರದರ್ಶನದ ಹಾಸ್ಯಪಾತ್ರವೊಂದರಲ್ಲಿ ನಗೆಗೂ ಬಳಸಿದರು. 2024ರ ಜುಲೈನಲ್ಲಿ ಅವರು ತೀರಿಕೊಂಡಾಗ, ಅವರ ಮುಖವನ್ನೇ ಕಾಣದೆ ನಿತ್ಯ ಅವರ ದನಿ ಕೇಳಿಕೊಂಡು ಕಚೇರಿಗೆ ಹೋಗುತ್ತಿದ್ದ ಜನ ಮನೆಯವರನ್ನೇ ಕಳೆದುಕೊಂಡವರಂತೆ ನೊಂದರು.

ಈ ಉದಾಹರಣೆಗಳನ್ನು ನೋಡಿ ದಾವಣಗೆರೆಯ ಹುಡುಗ ಗುಡುಗಲು ಹೊರಡುತ್ತಾನೆ, ಹರಿಹರದ ಹುಡುಗಿ ಅಕ್ಷರಗಳನ್ನು ತೊಳೆಯಲು ಕೂರುತ್ತಾಳೆ. ಅಲ್ಲಿಯೇ ತೊಡಕು. ಈ ಎರಡು ಊರುಗಳು ಕನ್ನಡದ ಹೊಲಿಗೆಯ ಮೇಲಿವೆ. ತುಂಗಭದ್ರೆಯ ಆಚೆ ಧಾರವಾಡದ ಕಡೆಯ ಮಾತು, ಈಚೆ ಹಳೆಯ ಮೈಸೂರಿನ ಮಾತು. ಇಲ್ಲಿಯವರ ಬಾಯಲ್ಲಿ ‘ಬರ್ರಿ, ಕುಂದ್ರಿ’ ಎಂಬುದೂ ಉಂಟು, ‘ಬನ್ನಿ, ಕೂತ್ಕೊಳ್ಳಿ’ ಎಂಬುದೂ ಉಂಟು. ಮನೆಯ ಮಾತು ಒಂದು, ಕಾಲೇಜಿನ ಮಾತು ಇನ್ನೊಂದು. ಬೆಂಗಳೂರಿಗೆ ಹೊರಟ ಹುಡುಗಿಗೆ ಎಲ್ಲರೂ ಕೊಡುವ ಬುದ್ಧಿವಾದ ಒಂದೇ: ಆ ‘ರ್ರಿ’ ಬಿಡು, ಹಳ್ಳಿಯ ರಾಗ ಬಿಡು. ಅವಳು ಶ್ರದ್ಧೆಯಿಂದ ಬಿಡುತ್ತಾಳೆ. ಎರಡು ವರುಷದಲ್ಲಿ ಅವಳ ದನಿ ಯಾವ ಊರಿನದೂ ಅಲ್ಲದೆ, ಸ್ಟುಡಿಯೋದ ಬಾಗಿಲಲ್ಲಿ ಸಾಲಾಗಿ ನಿಂತ ನೂರು ದನಿಗಳಲ್ಲಿ ಒಂದಾಗುತ್ತದೆ. ಅವಳನ್ನೇ ಕರೆಯಲು ಯಾರಿಗೂ ಕಾರಣ ಉಳಿಯುವುದಿಲ್ಲ.

ಪುಸ್ತಕದ ಕನ್ನಡ ಬೇಡವೆಂದಲ್ಲ. ಅದಿಲ್ಲದೆ ವಾರ್ತೆ ಓದಲಾಗದು, ಸಾಕ್ಷ್ಯಚಿತ್ರಕ್ಕೆ ನಿರೂಪಣೆ ಕೊಡಲಾಗದು, ಪಾಠದ ಮುದ್ರಿಕೆ ಮಾಡಲಾಗದು. ಅದನ್ನು ಕಲಿಯಲೇಬೇಕು. ಆದರೆ ಕಲಿಯುವುದು ಬೇರೆ, ಮನೆಯ ಮಾತನ್ನು ಮಾರಿ ಅದನ್ನು ಕೊಳ್ಳುವುದು ಬೇರೆ. ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’ ರಂಗವನ್ನೇರಿದಾಗ ಉತ್ತರದ ಮಾತು ಬೆಂಗಳೂರಿನ ಪ್ರೇಕ್ಷಕರಿಗೆ ಹೊಸ ಸಂಗೀತದಂತೆ ಕೇಳಿಸಿತು. ಮಂಡ್ಯದ ಹಳ್ಳಿಯವರನ್ನೇ ನಟರನ್ನಾಗಿ ಮಾಡಿ, ಅವರ ಮಾತನ್ನು ಹಾಗೆಯೇ ಉಳಿಸಿಕೊಂಡ ‘ತಿಥಿ’ 2015ರ ಸಾಲಿನ ಅತ್ಯುತ್ತಮ ಕನ್ನಡ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು. ಗೊಬ್ಬರದ ಜಾಹೀರಾತನ್ನು ರೈತನಿಗೆ ಹೇಳಬೇಕಾದವನು ಬಸವನಗುಡಿಯ ಕನ್ನಡದಲ್ಲಿ ಹೇಳಿದರೆ ರೈತ ನಗುತ್ತಾನೆ. ಹಿಂದಿ, ತೆಲುಗು ಚಿತ್ರಗಳಲ್ಲಿ ಹಳ್ಳಿಯ ಮುದುಕಿ ಬಂದಾಗ ಕನ್ನಡದಲ್ಲಿ ಅವಳಿಗೆ ಕೊಡಲು ಒಂದು ಊರಿನ ಮಾತು ಬೇಕು. ಎರಡು ಕನ್ನಡಗಳ ನಡುವೆ ಹುಟ್ಟಿದವಳು ಇದಕ್ಕೆ ಎರಡೂ ಕಡೆ ಕಿಟಕಿ ತೆರೆದಿಟ್ಟುಕೊಂಡೇ ಬಂದಿರುತ್ತಾಳೆ. ಮಂಡಿಪೇಟೆಯಲ್ಲಿ ಅವಳ ಸೋದರತ್ತೆ ಚೌಕಾಸಿ ಮಾಡುವ ಧಾಟಿಯನ್ನು ಬೆಂಗಳೂರಿನ ಯಾವ ಶಾಲೆಯೂ ಕಲಿಸಲಾರದು.

ಕೆಲಸಕ್ಕೆ ಅವಕಾಶ ಹಿಂದಿಗಿಂತ ಹೆಚ್ಚಿದೆ ಎಂಬುದು ನಿಜ. 1960ರ ದಶಕದಿಂದ ಮುಂದೆ ಐವತ್ತು ವರುಷದಷ್ಟು ಕಾಲ ಪರಭಾಷೆಯ ಚಿತ್ರಗಳನ್ನು ಕನ್ನಡದ ಮಾತಿಗೆ ಇಳಿಸದಂತೆ ಚಿತ್ರರಂಗವೇ ತಡೆದು ನಿಲ್ಲಿಸಿತ್ತು. ಕನ್ನಡ ಚಿತ್ರಗಳು ಉಳಿಯಲಿ, ಇಲ್ಲಿಯ ನಟರಿಗೆ ತಂತ್ರಜ್ಞರಿಗೆ ಅನ್ನ ಸಿಗಲಿ ಎಂಬುದು ಆ ತಡೆಯ ಹಿಂದಿದ್ದ ಕಾಳಜಿ. ಆ ಕಾಳಜಿಯನ್ನು ಹಗುರವಾಗಿ ಕಾಣುವಂತಿಲ್ಲ. 2015ರಲ್ಲಿ ಭಾರತ ಸ್ಪರ್ಧಾ ಆಯೋಗವು ಇಂಥ ತಡೆ ಸಲ್ಲದೆಂದು ತೀರ್ಪು ಕೊಟ್ಟಿತು. 2017ರಲ್ಲಿ ‘ಸತ್ಯದೇವ್ ಐಪಿಎಸ್’ ಎಂಬ ಹೆಸರಿನಿಂದ ತಮಿಳು ಚಿತ್ರವೊಂದು ಕನ್ನಡದಲ್ಲಿ ಮಾತನಾಡಿತು. ಅನಂತರ ಧಾರಾವಾಹಿಗಳು, ಮಕ್ಕಳ ವ್ಯಂಗ್ಯಚಿತ್ರಗಳು, ದೊಡ್ಡ ದೊಡ್ಡ ತೆಲುಗು ಚಿತ್ರಗಳು ಬಂದವು. ಕನ್ನಡದ ಮಗು ಕನ್ನಡದಲ್ಲಿಯೇ ಲೋಕದ ಕಥೆ ಕೇಳುವುದು ಒಳ್ಳೆಯದೇ. ಆದರೆ ಅವಸರದಲ್ಲಿ, ಕಡಿಮೆ ಕೂಲಿಗೆ, ನಾಲ್ಕೇ ದನಿಗಳಿಂದ ನಲವತ್ತು ಪಾತ್ರಗಳನ್ನು ಮುಗಿಸಿದರೆ ಆ ಮಗು ಮರಳಿ ಹಿಂದಿಯ ಕಡೆಗೇ ತಿರುಗುತ್ತದೆ.

ಆಕಾಶವಾಣಿಯನ್ನು ಮರೆತವರು ಹೆಚ್ಚು. 1935ರಲ್ಲಿ ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದ ಬಾನುಲಿ ಪ್ರಸಾರ ಆರಂಭಿಸಿ ಅದಕ್ಕೆ ‘ಆಕಾಶವಾಣಿ’ ಎಂಬ ಹೆಸರನ್ನು ಕೊಟ್ಟರು. ದಾವಣಗೆರೆ ಹರಿಹರಗಳ ಮನೆಗಳಿಗೆ 1965ರಿಂದ ಭದ್ರಾವತಿ ಕೇಂದ್ರದ ದನಿ ಪರಿಚಿತ. ಚಿತ್ರದುರ್ಗದ ಕೇಂದ್ರ ಅನಂತರದ್ದು. ಬಾನುಲಿ ನಾಟಕಕ್ಕೆ ಕಲಾವಿದರನ್ನು ಆರಿಸಲು ಧ್ವನಿ ಪರೀಕ್ಷೆ ಇಟ್ಟು, ತೇರ್ಗಡೆಯಾದವರಿಗೆ ಶ್ರೇಣಿ ಕೊಡುವ ಪದ್ಧತಿ ಆಕಾಶವಾಣಿಯದು. ಸಂಭಾವನೆಯಿಂದ ಮನೆ ಕಟ್ಟಲಾಗದು; ಆದರೆ ಗೋಡೆಯಾಚೆ ಕುಳಿತು ಮುಖ ನೋಡದೆ ದನಿ ಕೇಳುವ ಪರೀಕ್ಷಕರು ದೊರೆಯುವುದೇ ಒಂದು ಲಾಭ. ಕಂಪನಿಯ ತಗಡಿನ ಹೊರಗೆ ನಿಂತಿದ್ದವನ ನೆಂಟರೇ ಅವರು.

ಬೆಂಗಳೂರಿಗೆ ರೈಲಿನಲ್ಲಿ ಹೋಗಿ ಬರುವ ಖರ್ಚು ಹೊಸಬರಿಗೆ ಭಾರವಾದುದರಿಂದ ಈಗ ಮನೆಯಿಂದಲೇ ಧ್ವನಿ ಕಳಿಸುವ ರೂಢಿ ಬಂದಿದೆ. ಒಂದು ಒಳ್ಳೆಯ ಮೈಕು, ಒಂದು ಕಂಪ್ಯೂಟರು ಸಾಕು. ಕೋಣೆ ಮಾತ್ರ ಬೇಕು. ಹರಿಹರದಲ್ಲಿ ನಿಲ್ದಾಣದ ಬಳಿಯ ಮನೆಯವರು ರೈಲಿನ ವೇಳಾಪಟ್ಟಿ ನೋಡಿಕೊಂಡೇ ಸಾಧನೆಗೆ ಕೂರಬೇಕಾಗುತ್ತದೆ. ದಾವಣಗೆರೆಯ ಬೇಸಗೆಯಲ್ಲಿ ಪಂಖ ನಿಲ್ಲಿಸಿ, ಕಿಟಕಿ ಮುಚ್ಚಿ, ತಾಯಿಯ ಸೀರೆಗಳ ಬೀರುವಿನ ಬಾಗಿಲು ತೆರೆದು ಅದರೆದುರು ನಿಂತು ಬೆವರಿಳಿಸುತ್ತ ಹಿಮಾಲಯದ ತಂಪನ್ನು ವರ್ಣಿಸಬೇಕಾಗುತ್ತದೆ. ರೇಷ್ಮೆ ಸೀರೆ ಮಾರ್ದನಿಯನ್ನು ನುಂಗುವಷ್ಟು ಚೆನ್ನಾಗಿ ದುಬಾರಿಯ ಫಲಕಗಳೂ ನುಂಗಲಾರವೆಂದು ಹೇಳುವವರುಂಟು. ತಾಯಂದಿರ ಅಭಿಪ್ರಾಯ ಬೇರೆಯಿರಬಹುದು.

ಹೊಸ ಭಯವೊಂದು ಈಚೆಗೆ ಸೇರಿಕೊಂಡಿದೆ. ಕೆಲವು ನಿಮಿಷಗಳ ಮುದ್ರಿಕೆ ಸಿಕ್ಕರೆ ಸಾಕು, ಯಂತ್ರವೇ ಅದೇ ದನಿಯಲ್ಲಿ ಬೇಕಾದ್ದನ್ನು ಹೇಳುವ ಕಾಲವಿದು. 2023ರಲ್ಲಿ ಅಮೆರಿಕದ ನಟರು ತಿಂಗಳುಗಟ್ಟಲೆ ಮುಷ್ಕರ ಹೂಡಿದ್ದಕ್ಕೆ ಇದೂ ಒಂದು ಕಾರಣ. 2024ರಲ್ಲಿ ಬೊಂಬಾಯಿಯ ಹೈಕೋರ್ಟು ಗಾಯಕ ಅರಿಜಿತ್ ಸಿಂಗ್ ಅವರ ದನಿಯನ್ನು ಅವರ ಒಪ್ಪಿಗೆಯಿಲ್ಲದೆ ಯಂತ್ರದಿಂದ ನಕಲು ಮಾಡಬಾರದೆಂದು ಆಜ್ಞೆ ಮಾಡಿತು. ಹೆಸರಾದವರಿಗೆ ವಕೀಲರುಂಟು. ಹರಿಹರದ ಹುಡುಗಿಗೆ ಕರಾರು ಪತ್ರವೊಂದೇ ಗತಿ. ಮೊದಲ ಕೆಲಸದ ಸಂಭ್ರಮದಲ್ಲಿ ಓದದೆ ರುಜು ಹಾಕಿದ ಕಾಗದದಲ್ಲಿ, ಆ ದನಿಯನ್ನು ಎಲ್ಲಿ ಬೇಕಾದರೂ ಎಷ್ಟು ಕಾಲ ಬೇಕಾದರೂ ಬಳಸಬಹುದೆಂಬ ಸಾಲೊಂದು ಅಡಗಿರುವುದುಂಟು. ಯಾವ ಕೆಲಸಕ್ಕೆ, ಎಷ್ಟು ವರುಷಕ್ಕೆ, ಯಂತ್ರಕ್ಕೆ ಕಲಿಸಲು ಕೊಡುವುದುಂಟೋ ಇಲ್ಲವೋ ಎಂಬ ಮೂರನ್ನು ಬರಹದಲ್ಲಿ ಕೇಳಿ ಪಡೆಯುವುದಕ್ಕೆ ನಾಚಿಕೆಪಡಬೇಕಾದುದಿಲ್ಲ. ಸಾಮಾನ್ಯವಾದ, ಊರಿಲ್ಲದ, ಎಲ್ಲರಂತಹ ದನಿಯನ್ನೇ ಯಂತ್ರವು ಮೊದಲು ಕಲಿಯುವುದರಿಂದ ಕೆಲಸ ಕಳೆದುಕೊಳ್ಳುವವರೂ ಮೊದಲು ಅವರೇ.

ಸ್ಟುಡಿಯೋಗಳಿಗೆ ಕಳಿಸುವ ಮಾದರಿ ಮುದ್ರಿಕೆ ಎರಡು ನಿಮಿಷ ಮೀರದಿದ್ದರೆ ಒಳ್ಳೆಯದು, ಕೇಳುವವರಿಗೆ ಪುರುಸೊತ್ತಿರುವುದಿಲ್ಲ. ಅದರಲ್ಲಿ ಹತ್ತು ಬಗೆಯ ದನಿಗಳನ್ನು ತುರುಕಿ ಜಾತ್ರೆ ಮಾಡುವುದಕ್ಕಿಂತ ಮೂರೇ ತುಣುಕು ಸಾಕು. ಪುಸ್ತಕದ ಕನ್ನಡದಲ್ಲಿ ನಿರೂಪಣೆಯ ಒಂದು ತುಣುಕು. ಒಬ್ಬ ವ್ಯಕ್ತಿಯ ಕೋಪವೋ ಅಳಲೋ ಇರುವ ಸಂಭಾಷಣೆಯ ಒಂದು ತುಣುಕು, ಕೂಗದೆ. ಮೂರನೆಯದು ಮನೆಯ ಮಾತಿನಲ್ಲಿ. ಸೋದರತ್ತೆ ಮಂಡಿಪೇಟೆಯಲ್ಲಿ ಒಂದು ಕಿಲೋ ಒಣಮೆಣಸಿನಕಾಯಿಗೆ ಹತ್ತು ರೂಪಾಯಿ ಇಳಿಸಿದ ಪ್ರಸಂಗವಾದರೂ ಆದೀತು. ಕಳಿಸುವ ಮೊದಲು ಮನೆಯವರಿಗೆ, ಮುಖ ತೋರಿಸದೆ ಪಕ್ಕದ ಕೋಣೆಯಿಂದ ಕೇಳಿಸಿ, ಯಾವುದಕ್ಕೆ ಅವರು ಮಾತು ನಿಲ್ಲಿಸಿ ಕಿವಿಗೊಟ್ಟರೆಂದು ನೋಡಿಕೊಂಡು, ಆ ತುಣುಕನ್ನು ಮೊದಲಿಗಿಡಬೇಕು.